ಮೂರನೇ ನಿಯಮ

ಹಾಸಿಗೆ ಸಾಗಿಸುವ ವ್ಯಾನು ಪಕ್ಕಕ್ಕೆ ಬಂದು ನಿಂತಾಗ ನಾನು ಸೈಕಲ್ಲನ್ನು ಹಿಡಿದುಕೊಂಡಿರಲಿಲ್ಲ. ಸೈಕಲ್ಲೇ ನನ್ನನ್ನು ಹಿಡಿದುಕೊಂಡಿತ್ತು. ಹನ್ನೊಂದು ಕಿಲೋಮೀಟರ್ ಏರು. ಅದರಲ್ಲಿ ಎರಡು ಮುಗಿದಿದ್ದವು, ನಾನೂ ಮುಗಿದಿದ್ದೆ.

“ಮೇಲಕ್ಕಾ ಯಜಮಾನ್ರೇ? ಹತ್ಕೊಳ್ಳಿ, ಹಿಂದೆ ಜಾಗ ಇದೆ,” ಎಂದ ಡ್ರೈವರ್.

“ಛೆ ಛೆ, ನಾವು ಆರು ದಿನದ ಸೈಕಲ್ ಪ್ರವಾಸದಲ್ಲಿದ್ದೀವಿ. ಗಾಡಿ ಹತ್ತೋ ಹಾಗಿಲ್ಲ,” ಎಂದೆ. ಮಾತು ಮುಗಿಯುವಷ್ಟರಲ್ಲಿ ಸೈಕಲ್ಲಿನ ಮುಂದಿನ ಚಕ್ರ ವ್ಯಾನಿನೊಳಗಿತ್ತು.

ಆ ನಿಯಮ ಮಾಡಿದವನು ನಾನೇ. ಗಣಿತದ ಮೇಷ್ಟ್ರು ನಾನು, ನಿಯಮವಿಲ್ಲದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಹೊರಡುವ ಮುನ್ನ ಮೂರು ನಿಯಮ ಬರೆದು ಜೊತೆಗಾರರಾದ ದರ್ಜಿ, ಭಾವ ಇಬ್ಬರಿಂದಲೂ ರುಜು ಹಾಕಿಸಿಕೊಂಡಿದ್ದೆ. ಒಂದು, ಬೆಳಿಗ್ಗೆ ಐದಕ್ಕೆ ಏಳಬೇಕು. ಎರಡು, ಏಕಾಗ್ರತೆಗೆ ಭಂಗ ಬರದಂತೆ ಮೂವರ ಮೊಬೈಲೂ ಭಾವನ ಚೀಲದಲ್ಲಿರಬೇಕು. ಮೂರು, ಯಾರಾದರೂ ಗಾಡಿ ಹತ್ತಿದರೆ, ಹತ್ತಿದ ಜಾಗಕ್ಕೇ ವಾಪಸ್ ಹೋಗಿ ಅಲ್ಲಿಂದ ಮತ್ತೆ ತುಳಿದುಕೊಂಡು ಬರಬೇಕು. ಈ ಮೂರನೆಯದನ್ನು ದರ್ಜಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೆ. ಅವನು ನನ್ನ ಚಡ್ಡಿ ದೋಸ್ತ್, ಮಂಡಿನೋವಿನವನು; ಎರಡನೇ ದಿನಕ್ಕೇ ಕೈಕೊಡುತ್ತಾನೆಂಬುದು ನನ್ನ ಲೆಕ್ಕಾಚಾರ. ಆದರೆ ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವನಿಗೆ ಸೈಕಲ್ ಯಾವ ಮಹಾ! “ಅಲ್ಲಿ ಎಷ್ಟು ತುಳಿದ್ರೂ ಇದ್ದಲ್ಲೇ ಇರ್ತಿದ್ದೆ. ಇಲ್ಲಿ ಮುಂದೆ ಹೋಗ್ತೀನಲ್ಲೋ ಮೇಷ್ಟ್ರೇ,” ಎನ್ನುತ್ತಾ ನಾಲ್ಕು ದಿನದಿಂದ ನನಗೆ ಬೆನ್ನನ್ನೇ ತೋರಿಸುತ್ತಿದ್ದ.

ವ್ಯಾನು ಅವರನ್ನು ದಾಟುವಾಗ ಬಾಗಿಲ ಸಂದಿಯಿಂದ ನೋಡಿದೆ. ದರ್ಜಿ ಸೀಟು ಬಿಟ್ಟು ಎದ್ದು ನಿಂತು ತುಳಿಯುತ್ತಿದ್ದ. ಹಿಂದೆ ಏದುಸಿರು ಬಿಡುತ್ತಾ ಭಾವ, ಅಂದರೆ ನನ್ನ ಅಕ್ಕನ ಗಂಡ. ಔಷಧಿ ಅಂಗಡಿ ಅವರದು, ಗುಟ್ಟು ಮಾತ್ರ ಅವರಲ್ಲಿ ದಾಸ್ತಾನಿರುವುದಿಲ್ಲ. ಭಾವನಿಗೆ ಗೊತ್ತಾದರೆ ಅಕ್ಕನಿಗೆ ಗೊತ್ತಾದಂತೆ, ಅಕ್ಕನಿಗೆ ಗೊತ್ತಾದರೆ ಡಂಗುರ ಹೊಡೆಸಿದಂತೆ. ನಾನೋ, ಶಾಲೆಯಲ್ಲಿ ಮನೋಬಲದ ಮೇಲೆ ನಲವತ್ತು ನಿಮಿಷ ಭಾಷಣ ಬಿಗಿದು ಹೊರಟವನು. ಎರಡು ಹಾಸಿಗೆಗಳ ನಡುವೆ ಉಸಿರು ಬಿಗಿಹಿಡಿದು ಮಲಗಿದೆ. ನಿಜ ಹೇಳಬೇಕೆಂದರೆ, ತುಂಬಾ ಮೆತ್ತಗಿತ್ತು.

ಗುಡ್ಡದ ತುದಿಯ ವಸತಿಗೃಹಕ್ಕೆ ಒಂದು ತಿರುವು ಇರುವಾಗಲೇ ಇಳಿದುಕೊಂಡೆ. ಬೆವರಿದಂತೆ ಕಾಣಲೆಂದು ಬಾಟಲಿಯ ನೀರನ್ನು ಹಣೆಗೂ ಅಂಗಿಯ ಎದೆಗೂ ಚಿಮುಕಿಸಿಕೊಂಡೆ. ಬೆನ್ನಿನ ಕಡೆ ಗಮನವೇ ಹೋಗಲಿಲ್ಲ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತು “ಏನ್ರಪ್ಪಾ, ಇಷ್ಟು ಹೊತ್ತು ಮಾಡಿದ್ರಿ?” ಎಂಬ ಮಾತನ್ನು ನಾಲ್ಕಾರು ರಾಗದಲ್ಲಿ ಅಭ್ಯಾಸ ಮಾಡಿದೆ.

ನನ್ನ ಲೆಕ್ಕದ ಪ್ರಕಾರ ಅವರು ಒಂದು ಗಂಟೆಯಲ್ಲಿ ಬರಬೇಕಿತ್ತು. ಎರಡಾಯಿತು, ಮೂರಾಯಿತು. ಕೇಳೋಣವೆಂದರೆ ಮೊಬೈಲು ಭಾವನ ಚೀಲದಲ್ಲಿ, ಎರಡನೇ ನಿಯಮ. ಏನಾದರೂ ಆಗಿದ್ದರೆ? ಆ ಏರಿನಲ್ಲಿ ಅವರನ್ನು ಬಿಟ್ಟು ಬಂದವನು ನಾನು, ಅದೂ ಹಾಸಿಗೆಯ ಮೇಲೆ ಮಲಗಿಕೊಂಡು.

ಸೂರ್ಯ ಮುಳುಗುವ ಹೊತ್ತಿಗೆ ತಿರುವಿನಲ್ಲಿ ಇಬ್ಬರೂ ಕಾಣಿಸಿಕೊಂಡರು. ದರ್ಜಿ ಕುಂಟುತ್ತಾ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ನನ್ನನ್ನು ಕಂಡವನೇ ಸೈಕಲ್ಲನ್ನು ರಸ್ತೆಯ ಮೇಲೇ ಬೀಳಿಸಿ ಓಡಿಬಂದು ತಬ್ಬಿಕೊಂಡ.

“ಇದ್ದೀಯಲ್ಲೋ! ಎಲ್ಲಾದ್ರೂ ಬಿದ್ದಿದ್ದೀಯೇನೋ ಅಂತ ಚರಂಡಿ ಚರಂಡಿ ಇಣುಕಿ ನೋಡ್ಕೊಂಡು ಬಂದ್ವಿ ಕಣೋ.”

ಅರ್ಧ ದಾರಿಯ ಟೀ ಅಂಗಡಿಯಲ್ಲಿ ನನಗಾಗಿ ಕಾದರಂತೆ. ನಾನು ಬರಲಿಲ್ಲವೆಂದು ಗುಡ್ಡದ ಬುಡದವರೆಗೂ ವಾಪಸ್ ಇಳಿದರಂತೆ. ಅಲ್ಲಿನ ಪಂಕ್ಚರ್ ಅಂಗಡಿಯವನು ಯಾವ ಸೈಕಲ್ಲೂ ಹಿಂದಕ್ಕೆ ಬಂದಿಲ್ಲ ಎಂದಾಗ, ಪೂರ್ತಿ ಏರನ್ನು ಮೊದಲಿಂದ ಹತ್ತಿದರಂತೆ.

“ನಾವು ಅಂಗಡಿ ಒಳಗೆ ಟೀ ಕುಡೀತಾ ಕೂತಿದ್ವಲ್ಲ, ಆಗ್ಲೇ ದಾಟಿಬಿಟ್ಟಿದ್ದಾನೆ ಇವನು!” ಎಂದು ಭಾವ ತಾವೇ ಲೆಕ್ಕ ಬಿಡಿಸಿದರು. “ಕಾಲಲ್ಲಪ್ಪಾ ಅದು, ಕುದುರೆ! ತಡಿ, ನಿಮ್ಮಕ್ಕಂಗೆ ಹೇಳ್ತೀನಿ.”

ಫೋನಿನಿಂದ ಅಕ್ಕನ ದನಿ ರಸ್ತೆಗೆಲ್ಲ ಕೇಳಿಸಿತು: “ನನ್ನ ತಮ್ಮ ಅಂದ್ರೆ ಏನಂದ್ಕೊಂಡಿದ್ರಿ?”

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. “ಹಾಗೇನಿಲ್ಲ ಬಿಡಕ್ಕಾ,” ಎಂಬುದಷ್ಟೇ ಹೊರಬಂತು. “ನೋಡಿದ್ರಾ, ಒಂಚೂರೂ ಜಂಭ ಇಲ್ಲ,” ಎಂದಳು ಅಕ್ಕ. ಭಾವ ಫೋನಿನಲ್ಲಿ ನನ್ನನ್ನು ಹೊಗಳುತ್ತಲೇ ಒಳಗೆ ಹೋದರು.

ದರ್ಜಿ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತ. ಪ್ಯಾಂಟನ್ನು ಮೇಲಕ್ಕೆ ಮಡಚಿ, ಊದಿಕೊಂಡಿದ್ದ ಮಂಡಿಗೆ ಹಚ್ಚಲು ಜೇಬಿನಿಂದ ಮುಲಾಮು ತೆಗೆದ. ಎದುರಿಗಿದ್ದವರ ಅಂಗಿಯ ಕಾಲರು ಸೊಟ್ಟಗಿದ್ದರೆ ಸರಿಪಡಿಸದೆ ಇರಲಾರ, ಕಸುಬಿನ ಚಾಳಿ. ನನ್ನ ಕತ್ತಿನ ಹಿಂದಕ್ಕೆ ಕೈ ಹಾಕಿದವನು ಏನನ್ನೋ ಕಿತ್ತು ಕಣ್ಣೆದುರು ಹಿಡಿದುಕೊಂಡ. ಬೆಳ್ಳನೆಯ ಹತ್ತಿಯ ಉಂಡೆ. ಬೆರಳಲ್ಲಿ ಹಿಂಜಿ ನೋಡಿದ.

“ಹಾಸಿಗೇದು,” ಎಂದ. “ಹೊಸದು.”

ನಾನು ಗಡಿಬಿಡಿಯಲ್ಲಿ ಬೆನ್ನು ಒರೆಸಿಕೊಂಡೆ. ಒಳಗಿನಿಂದ ಭಾವನ ನಗು ಕೇಳಿಸುತ್ತಿತ್ತು. ದರ್ಜಿ ಅತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

“ಎಲ್ಲಿ ಹತ್ತಿದ್ದು?”

“ಎರಡನೇ ಕಿಲೋಮೀಟರಲ್ಲಿ.”

“ಹಂಗಾದ್ರೆ ನಾಲ್ಕಕ್ಕೇ ಎಬ್ಬಿಸ್ತೀನಿ. ನಿಮ್ಮ ಭಾವ ಏಳೋದ್ರೊಳಗೆ ಹೋಗಿ ತುಳ್ಕೊಂಡು ಬಂದ್ಬಿಡೋಣ.”

“ನೀನ್ಯಾಕೋ? ಈ ಮಂಡಿ ಇಟ್ಕೊಂಡು...”

“ಒಬ್ಬನ್ನೇ ಬಿಟ್ರೆ ಮತ್ತೆ ವ್ಯಾನ್ ಹತ್ತಿಬಿಡ್ತೀಯ,” ಎಂದು ಅವನು ಅದೇ ಹತ್ತಿಗೆ ಮುಲಾಮು ಸವರಿ ಮಂಡಿಗೆ ಒತ್ತಿಕೊಂಡ.