ಮಗ್ಗಕ್ಕಾಗಿ ಅತ್ತವಳು

ಯಂತ್ರಗಳಿಗೂ ಜೀವವಿದ್ದ ಕಾಲವೊಂದಿತ್ತು. ಯಾರಾದರೂ ಪಕ್ಕದಲ್ಲಿ ಕೂತು, ಅವುಗಳ ಬದುಕನ್ನು ಹಾಡಿಕೊಂಡು ಅಳದೆ ಪ್ರಾಣ ಹೋಗುತ್ತಿರಲಿಲ್ಲ. ತರ್ಕಶಾಸ್ತ್ರ ಓದಿದವರು ಮುನಿದ ಲಿಫ್ಟುಗಳನ್ನು ಒಲಿಸುತ್ತಿದ್ದರು, ಇತಿಹಾಸದಲ್ಲಿ ಬಿ.ಎ. ಮಾಡಿದ ಗುಳೇದಗುಡ್ಡದ ನೀಲಾಂಬಿಕೆಗೆ ಅಳುವ ನೌಕರಿ ಸಿಕ್ಕಿತ್ತು.

ಒಂದು ದಿನ ಅವಳ ಪಾಲಿಗೆ ಬಂದದ್ದು ಅಪ್ಪನ ಕೈಮಗ್ಗವನ್ನು ಮೂಲೆಗೆ ತಳ್ಳಿದ್ದ ಯಂತ್ರಮಗ್ಗ. ನರಳುತ್ತಿದ್ದ ಅದಕ್ಕೆ ಸಂಜೆಯೊಳಗೆ ಬಿಡುಗಡೆ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಎಷ್ಟು ಹೊಗಳಿ ಅತ್ತರೂ ನರಳಾಟ ನಿಲ್ಲಲಿಲ್ಲ.

"ಸುಳ್ಳ ಅಳಬ್ಯಾಡವಾ," ಎಂದಿತು ಮಗ್ಗ. "ಓದಿದಾಕಿ ನೀ. ನಡದದ್ದು ಹೇಳು."

ಅವಳು ಬಾಗಿಲಲ್ಲಿ ನಿಂತಿದ್ದ ಅಪ್ಪನತ್ತ ನೋಡಿದಳು.

"ನನ್ನ ಮಾರಿ ಏನ್ ನೋಡ್ತಿ? ಬಿ.ಎ. ಮಾಡಿದಾಕಿ ನೀನೋ ನಾನೋ?" ಎಂದ ಅಪ್ಪ.

ಆಗ ಹಾಡಿದಳು: ಆ ಮಗ್ಗ ಬಂದ ಮೇಲೆ ಕೆಲಸವಿಲ್ಲದೆ ಗುಳೆ ಹೋದ ನೇಕಾರರನ್ನು, ಬರಿದಾದ ಓಣಿಯನ್ನು, ಬಾವಿಗೆ ಹಾರಿದ ಚಿಕ್ಕಪ್ಪನನ್ನು. ಅಳು ತಾನಾಗಿಯೇ ಬಂತು. ಮಗ್ಗ ಮೆಲ್ಲಗೆ ಉಸಿರು ನಿಲ್ಲಿಸಿತು.