ಗೌತಮನ ಕೈಗೆ ಬ್ಯಾಂಡೇಜು

ನಿಂಬೆಹಣ್ಣು ಸೋತಿತು. ಬಟ್ಟೆ ಸೋಪು ಸೋತಿತು. ಪಾತ್ರೆ ತಿಕ್ಕುವ ಪುಡಿಯೂ ಸೋತು ಸುಣ್ಣವಾಯಿತು. ಜೋರಾಪುರ ಪೇಟೆಯ ಮನೆಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಗೌತಮನ ಉಗುರುಗಳು ಮಾತ್ರ ಕಪ್ಪಗೇ ಉಳಿದವು. ತಿಕೋಟಾಕ್ಕೆ ಹೋಗುವ ಗಾಡಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು.

"ಯಪ್ಪಾ, ಹೆಣ್ಣು ನೋಡಾಕ ಹೊಂಟೀಯೋ, ಇದ್ದಲಿ ಮಾರಾಕ ಹೊಂಟೀಯೋ?" ಎಂದಳು ತಾಯಿ ಚಂದ್ರಾಬಾಯಿ.

ಗೌತಮ ಸಹಕಾರಿ ಸಂಘದಲ್ಲಿ ಗುಮಾಸ್ತ. ಕೈ ಕಪ್ಪಾಗುವ ನೌಕರಿಯಲ್ಲ. ಆದರೆ ಸಂಜೆ ಮನೆಗೆ ಬಂದವನೇ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಕೂಡುವನು. ಸೊಲ್ಲಾಪುರ ರಸ್ತೆಯ ನಾಸೀರನ ಗ್ಯಾರೇಜಿನಿಂದ ಹಳೆಯ ಕಾರುಗಳ ಇಂಜಿನ್ ಸಾಮಾನು ಬರುತ್ತಿತ್ತು. ಅಲ್ಯೂಮಿನಿಯಂ ಮುಚ್ಚಳಗಳು, ಕೊಳವೆಗಳು. ಮೊದಲು ಒರಟು ಪಾಲಿಶ್ ಕಾಗದ, ಆಮೇಲೆ ನೀರು ಹಚ್ಚಿದ ನಯ ಕಾಗದ, ಕಡೆಗೆ ಹಳೆಯ ಧೋತರದ ಚೂರು. ಚಂದ್ರಾಬಾಯಿ ಅದರಲ್ಲಿ ನೋಡಿ ಹೆರಳು ಸರಿಮಾಡಿಕೊಳ್ಳುವಷ್ಟು ಹೊಳಪು ಬರುವ ತನಕ ಅವನು ಏಳುತ್ತಿರಲಿಲ್ಲ. ಮಷೀನು ತಗೋ ಎಂದರೆ, "ಮಷೀನಿಗೆ ಎಲ್ಲಿ ನಿಲ್ಲಬೇಕು ಅನ್ನೂದು ತಿಳೀತದೇನು?" ಎನ್ನುವನು. ಲೋಹ ಹೊಳೆಯುತ್ತಿತ್ತು. ಅದರ ಕಪ್ಪೆಲ್ಲ ಇವನ ಬೆರಳಿಗೆ ಬರುತ್ತಿತ್ತು.

ಆ ಕಪ್ಪೇ ಬಬಲೇಶ್ವರದ ಸಂಬಂಧವನ್ನು ನುಂಗಿದ್ದು. ಅವಲಕ್ಕಿ ತಟ್ಟೆಗೆ ಕೈ ಚಾಚಿದ್ದೇ ತಡ, ಹುಡುಗಿಯ ಸೋದರಮಾವನ ಕಣ್ಣು ಉಗುರಿನ ಮೇಲೆ ನಿಂತಿತು. "ನೌಕರಿ ಅಂದಿದ್ರಿ, ಕೈ ನೋಡಿದ್ರ ಬ್ಯಾರೇನ ಅದ" ಎಂದು ಮರುದಿನ ಫೋನು ಬಂತು.

ಆಗ ಗೌತಮನಿಗೆ ಅಷ್ಟೇನೂ ಬೇಜಾರಾಗಿರಲಿಲ್ಲ. ಈ ಸಲದ ಮಾತೇ ಬೇರೆ. ತಿಕೋಟಾದ ಆಮ್ರಪಾಲಿಯನ್ನು ಅವನು ಕನಮಡಿಯ ಮದುವೆಯೊಂದರಲ್ಲಿ ನೋಡಿದ್ದ. ಕೆಟ್ಟು ನಿಂತ ಬೀಗರ ಟೆಂಪೋವನ್ನು ಅವಳು ಸೆರಗು ಸಿಕ್ಕಿಸಿಕೊಂಡು ದೂಡುತ್ತ ಬಿದ್ದು ಬಿದ್ದು ನಗುತ್ತಿದ್ದಳು. ಅಂದಿನಿಂದ ಇವನ ತಲೆ ನೆಟ್ಟಗಿರಲಿಲ್ಲ. ಹೀಗಿರುವಾಗ ಸಂಬಂಧ ಕೂಡಿಸುವ ಮರೆಪ್ಪ ಬಂದು, "ತಿಕೋಟಾದವರು ತಾವಾಗೇ ಕೇಳ್ಯಾರ" ಎಂದಾಗ ಗೌತಮನ ಕಾಲು ನೆಲಕ್ಕೆ ಹತ್ತಲಿಲ್ಲ. ಈ ಹುಡುಗಿ ಕೈತಪ್ಪಿದರೆ ಬೇರೆ ಹುಡುಗಿಯನ್ನು ನೋಡುವ ಮಾತೇ ಇಲ್ಲ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದ.

ಚಂದ್ರಾಬಾಯಿ ಕಪಾಟಿನಿಂದ ಬ್ಯಾಂಡೇಜಿನ ಸುರುಳಿ ತಂದಳು. ಎರಡೂ ಕೈಗೆ ಬೆರಳ ತುದಿಯವರೆಗೆ ಸುತ್ತಿದಳು.

"ಬಿಸಿ ಎಣ್ಣಿ ಸಿಡೀತು ಅನ್ನೂಣು. ಮದುವಿ ಆದಮ್ಯಾಲ ಬಿಚ್ಚೂಣು."

"ಅಲ್ಲೀತನಕ ಉಣ್ಣೂದು ಹ್ಯಾಂಗ?" ಎಂದ ತಂದೆ ಭಾಗಪ್ಪ.

"ನೀವು ಸುಮ್ಮಕಿರ್ರಿ."

ತಿಕೋಟಾದಲ್ಲಿ ಹುಡುಗಿಯ ತಂದೆ ದೇವಾನಂದ ಮಾಸ್ತರು ಬಾಗಿಲಿಗೇ ಬಂದು "ಜೈ ಭೀಮ್" ಎಂದರು. ಗೌತಮ ಎರಡು ಬಿಳಿ ಉಂಡೆಗಳನ್ನು ಜೋಡಿಸಿದ. ಮಾಸ್ತರ ಮುಖ ಬಾಡಿತು.

"ಇದೇನ್ರಿ, ಎರಡೂ ಕೈಗೇನು?"

ಅವರು ಪಗಾರ ಕೇಳಲಿಲ್ಲ, ಮನೆ ಸ್ವಂತದ್ದೋ ಬಾಡಿಗೆಯದೋ ಎಂದೂ ಕೇಳಲಿಲ್ಲ. ಅವರ ಕಣ್ಣು ಕೈ ಬಿಟ್ಟು ಕದಲುತ್ತಿರಲಿಲ್ಲ. "ಬೆರಳು ಆಡ್ತಾವೇನ್ರಿ?" ಎಂದರು. ಗೌತಮ ಕೈಗಳನ್ನು ಮಡಿಲಿಗೆ ಎಳೆದುಕೊಂಡ. ಗುಟ್ಟು ಇವರಿಗೆ ಗೊತ್ತಾಗಿದೆ ಎಂದುಕೊಂಡ.

ಕನಿಕರ ಹೆಚ್ಚಿದಷ್ಟೂ ಒಳ್ಳೆಯದೆಂದು ಚಂದ್ರಾಬಾಯಿ ಸುಳ್ಳಿಗೆ ಒಗ್ಗರಣೆ ಹಾಕಿದಳು. "ಎಲ್ಲಿ ಆಡ್ತಾವ್ರಿ? ಬಿಸಿ ಎಣ್ಣಿ ಸಿಡಿದು ಭಾಳ ಸುಟ್ಟಾವ. ಇನ್ನ ಮ್ಯಾಲ ಭಾರದ ವಸ್ತು ಹಿಡೀಬ್ಯಾಡ ಅಂದಾರ ಡಾಕ್ಟರು."

ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆಯಿತು.

ಆಮ್ರಪಾಲಿ ಚಹಾ ತಂದಳು. ಗೌತಮನ ಮುಖ ನೋಡಲಿಲ್ಲ. ಕೈಗಳನ್ನು ನೋಡಿದಳು, ಕಣ್ಣು ತುಂಬಿಕೊಂಡು ತಟ್ಟನೆ ಒಳಗೆ ಹೋದಳು. ಗೌತಮನಿಗೆ ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ನಾಚಿಕೆ. ಭಾಗಪ್ಪ ಸಾಸರಿಗೆ ಚಹಾ ಸುರಿದು ಮಗನಿಗೆ ಕುಡಿಸಿದ. ಅರ್ಧ ಬಾಯಿಗೆ ಹೋಯಿತು, ಅರ್ಧ ಹೊಸ ಅಂಗಿಗೆ.

ಮಾಸ್ತರು ಮರೆಪ್ಪನನ್ನು ಅಂಗಳಕ್ಕೆ ಕರೆದೊಯ್ದು ಪಿಸುಗುಟ್ಟಿದರು. ತಿರುಗಿ ಬಂದು ಗಂಟಲು ಸರಿಪಡಿಸಿಕೊಂಡರು.

"ಕೈ ಆರಾಮಾಗ್ಲಿ. ಪಟ್ಟಿ ಬಿಚ್ಚಿದಮ್ಯಾಲ ಮತ್ತ ಕರ್ಕೊಂಡು ಬರ್ರಿ. ಕೈ ನೋಡಿ ಮುಂದಿನ ಮಾತು ಆಡೂಣು."

ಪಟ್ಟಿ ಬಿಚ್ಚಿ ಬಾ ಎಂದರೆ ಕಪ್ಪು ಉಗುರು ತೋರಿಸಿ ಹೋಗು ಎಂದಂತೆ. ಎಷ್ಟು ದಿನ ತಪ್ಪಿಸಿಕೊಂಡರೂ ಆ ದಿನ ಬರುವುದೇ. ಗೌತಮ ಒಳಬಾಗಿಲ ಕಡೆ ನೋಡಿದ. ಪರದೆಯ ಹಿಂದೆ ಆಮ್ರಪಾಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಇಲ್ಲದ ನೋವಿಗೆ ಆ ಹುಡುಗಿ ಅಳುತ್ತಿದ್ದಾಳೆ. ಅವನಿಗೆ ತಡೆಯಲಾಗಲಿಲ್ಲ. ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದ. ಬ್ಯಾಂಡೇಜು ಬಿಚ್ಚಿಕೊಳ್ಳುತ್ತ ಮಾಸ್ತರ ಕಾಲ ಬಳಿ ಉರುಳಿತು. ಚಂದ್ರಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಕೈಗೆ ಏನೂ ಆಗಿಲ್ರಿ," ಎಂದ ಗೌತಮ. "ಇಂಜಿನ್ ಸಾಮಾನು ತಿಕ್ಕಿ ತಿಕ್ಕಿ ಹಿಂಗಾಗ್ಯಾವ. ತೊಳದ್ರ ಹೋಗೂದಿಲ್ಲ. ಮದುವಿ ಆದ್ರೂ ನಾ ಈ ಕೆಲಸ ಬಿಡಾಂವಲ್ಲ. ಬ್ಯಾಡ ಅನ್ನೂದಿದ್ರ ಈಗ ಅಂದುಬಿಡ್ರಿ."

ಮಾಸ್ತರು ತಲೆ ತಗ್ಗಿಸಿದರು. ಅವರ ಭುಜಗಳು ಕುಲುಕುತ್ತಿದ್ದವು. ಸಿಟ್ಟೋ ಅಳುವೋ ತಿಳಿಯದೆ ಭಾಗಪ್ಪ ಚಪ್ಪಲಿ ಹುಡುಕತೊಡಗಿದ.

ಪರದೆ ಸರಿಯಿತು. ಆಮ್ರಪಾಲಿ ನೇರವಾಗಿ ಬಂದು ಗೌತಮನ ಕಪ್ಪು ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ ನೋಡಿದಳು. ಎಲ್ಲವೂ ಆಡುತ್ತಿದ್ದವು. ಅವಳು ಕನಮಡಿಯಲ್ಲಿ ನಕ್ಕಂತೆಯೇ ನಕ್ಕುಬಿಟ್ಟಳು.

"ನಮ್ಮ ಹಳೇ ಕಾರಿನ ಇಂಜಿನ್ ಮುಚ್ಚಳಕ್ಕ ಇಂಥಾ ಹೊಳಪು ಕೊಟ್ಟ ಕೈ ಯಾರವು ಅಂತ ನಾಸೀರಣ್ಣನ್ನ ಕೇಳಿ, ಮುಖಾ ನೋಡೂಕಿಂತ ಮೊದಲ ಮರೆಪ್ಪ ಕಾಕಾನ್ನ ನಿಮ್ಮ ಮನಿಗೆ ಅಟ್ಟಿದಾಕಿ ನಾನ ರೀ."