ಕೊಳದ ಕಾವಲು

ಮುದುಕಿ ನೀರಿನ ತಳಕ್ಕಿಳಿದು ಬಹಳ ಹೊತ್ತಾಗಿತ್ತು. ಸಿಂಗಪುರದ ಬಿಶಾನಿನಲ್ಲಿ ತಾವಿದ್ದ ಕಾಂಡೋ ಅಪಾರ್ಟ್‌ಮೆಂಟಿನ ಈಜುಕೊಳದ ಅಂಚಿನಲ್ಲಿ ಕೂತು ಶುಭಾ ಸುಮ್ಮನೆ ನೋಡುತ್ತಿದ್ದಳು. ಗಾಬರಿ ಆಗಬೇಕಿತ್ತು, ಆಗಲಿಲ್ಲ. ಗಂಡ ಬದರೀನಾಥ ತೀರಿಕೊಂಡ ಮೇಲೆ ಅವಳಿಗೆ ಏನೂ ಆಗುತ್ತಿರಲಿಲ್ಲ.

ತಲೆ ಮೇಲೆದ್ದಿತು. ಕಟ್ಟಿಹಿಡಿದ ಉಸಿರು ಉದ್ದನೆಯ ಸಿಳ್ಳೆಯಾಗಿ ಹೊರಬಂತು. ಮುದುಕಿ ಓಕ್ಸುನ್ ಕೈಯೆತ್ತಿದಳು. ಶುಭಾಳೂ ಎತ್ತಿದಳು. ಅವಳು ಎತ್ತುವ ತನಕ ಮುದುಕಿ ಮತ್ತೆ ಮುಳುಗುವುದಿಲ್ಲ.

ಓಕ್ಸುನ್ ಕೊರಿಯಾದ ಜೇಜು ದ್ವೀಪದವಳು. ಸಿಲಿಂಡರ್ ಇಲ್ಲದೆ, ಬರೀ ಉಸಿರು ಕಟ್ಟಿ, ಸಮುದ್ರದ ತಳದಿಂದ ಚಿಪ್ಪು ಹೆಕ್ಕಿ ತಂದು ಸಂಸಾರ ತೂಗಿಸಿದವಳು. ಅಲ್ಲಿನ ಹೆಂಗಸರಲ್ಲಿ ಯಾರೂ ಒಂಟಿಯಾಗಿ ನೀರಿಗಿಳಿಯುವುದಿಲ್ಲ. ಸಿಳ್ಳೆ ಕೇಳಿದರೆ ಜೊತೆಗಾತಿ ಬದುಕಿದ್ದಾಳೆ ಎಂದು ಅರ್ಥ. ಈಗ ಆ ಊರಲ್ಲಿ ಮುಳುಗುವವರೆಲ್ಲ ಮುದುಕಿಯರೇ. ಇವಳ ಮಗಳೋ ಬ್ಯಾಂಕ್ ಕೆಲಸ ಹಿಡಿದು ಸಿಂಗಪುರಕ್ಕೆ ಬಂದಳು, ತಾಯಿಯನ್ನೂ ಕರೆತಂದಳು.

ಬೆಳಬೆಳಿಗ್ಗೆ ಇದೆಂಥ ಸಿಳ್ಳೆ ಎಂದು ಕಾಂಡೋದವರು ದೂರು ಕೊಟ್ಟರು. ಶುಭಾಳೇ ಮೊದಲ ದಿನ ಕೊಳದ ಬಳಿ ಅದನ್ನು ಕೇಳಿ, ಯಾವುದೋ ಹಕ್ಕಿಯೆಂದು ಬೆಚ್ಚಿ, ಮನೆಗೆ ವಾಪಸಾಗಿದ್ದಳು. ಮರುದಿನ ಬಂದಾಗ ಮುದುಕಿ ಆಗಲೇ ನೀರಿನಲ್ಲಿದ್ದಳು. ಕಮಿಟಿಯ ಗುರುಮೂರ್ತಿ ಅಂಕಲ್ ಅವಳನ್ನು ಕೊಳಕ್ಕೆ ಬಿಡಬಾರದೆಂದು ಹೊರಟಾಗ, "ನಾನು ದಿನಾ ಜೊತೆಗೆ ಕೂತಿರ್ತೀನಿ ಅಂಕಲ್" ಎಂದು ತಡೆದವಳು ಶುಭಾ. ನೀರು ತಪ್ಪಿದರೆ ಈ ಜೀವ ಉಳಿಯುವುದಿಲ್ಲ ಎಂಬುದೊಂದೇ ಅವಳಿಗೆ ಉಳಿದಿದ್ದ ಚಿಂತೆ.

ಕಾವಲಿಗೆ ಕೂತವಳಿಗೆ ಈಜು ಬಾರದು, ಅದು ಬೇರೆ ಮಾತು. ಸುಸ್ತಾದರೆ ಹಿಡಿದು ತೇಲಲೆಂದು ಊರಿಂದ ತಂದಿದ್ದ ಕಿತ್ತಳೆ ಬಣ್ಣದ ಚೆಂಡನ್ನು ಓಕ್ಸುನ್ ನೀರಿಗೆ ಒಯ್ಯುತ್ತಲೇ ಇರಲಿಲ್ಲ. ಶುಭಾಳ ಕಾಲ ಬುಡದಲ್ಲಿ ಇಟ್ಟು ಇಳಿಯುತ್ತಿದ್ದಳು.

ಗುರುಮೂರ್ತಿ ಬಂದು ಪಕ್ಕದಲ್ಲಿ ಕೂತರು.

"ನಿನ್ನೆ ಅವರ ಮಗಳ ಹತ್ರ ಮಾತಾಡ್ದೆ ಶುಭಾ. ಆಂಟಿಗೆ ಕಿವಿ, ಮೊಣಕಾಲು ಎರಡೂ ಹೋಗಿವೆಯಂತೆ. ಡಾಕ್ಟರ್ ಸ್ಟ್ರಿಕ್ಟಾಗಿ ಬೇಡ ಅಂದಿದಾರೆ. ಇಲ್ಲಿಗೆ ಬರೋವಾಗ್ಲೇ, ನನಗೂ ನೀರು ಸಾಕು ಅಂತ ಅವರೇ ಖುಷಿಯಾಗಿ ಮುಳುಗೋದು ಬಿಟ್ಟಿದ್ರಂತೆ."

"ಮತ್ತೆ ದಿನಾ ಯಾಕೆ ಇಳೀತಾರೆ?"

ಅಂಕಲ್ ಅವಳ ಮುಖ ನೋಡಲಿಲ್ಲ. ಕಿತ್ತಳೆ ಚೆಂಡನ್ನು ನೋಡಿದರು.

"ಒಂದು ಬೆಳಿಗ್ಗೆ ನೀನು ಉಟ್ಟ ಬಟ್ಟೇಲೇ, ಒಬ್ಬಳೇ ಕೊಳಕ್ಕೆ ಇಳೀತಿದ್ದೆಯಂತಲ್ಲಮ್ಮ, ಆ ಮೊದಲನೇ ಸಿಳ್ಳೆ ಅವರು ಬಾಲ್ಕನಿಯಿಂದ ಹಾಕಿದ್ದಂತೆ."